ಖುದ್ದಾಗಿ ನೋಡಿ ಬಂದ ದುಬೈಯವರು

ಆ ಆನ್‌ಲೈನ್ ಕ್ಯಾಸಿನೊವನ್ನು ನಂಬಬಹುದೇ ಎಂದು ನನ್ನನ್ನು ಎರಡು ಸಲ ಕೇಳಲಾಯಿತು. ಮೊದಲ ಸಲ ಉತ್ತರಿಸಲು ನಾನು ತೆಗೆದುಕೊಂಡದ್ದು ಮೆಟ್ರೋ ಎರಡು ನಿಲ್ದಾಣ ದಾಟುವಷ್ಟು ಹೊತ್ತು. ಎರಡನೆಯ ಸಲ ಆರು ದಿನ. ಇಲ್ಲಿ ಬರೆಯಹೊರಟಿರುವುದು ಆ ಆರು ದಿನಗಳನ್ನೇ. ಆದರೆ ಮೊದಲ ಸಲದ್ದನ್ನು ಬಿಟ್ಟು ಅದನ್ನು ಹೇಳಲು ಬರುವುದಿಲ್ಲ.

ದುಬೈಯ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಆನ್‌ಲೈನ್ ಅಂಗಡಿಗಳು ಗಿರಾಕಿಗಳಿಂದ ಕಾರ್ಡಿನಲ್ಲಿ ಹಣ ಪಡೆಯಲು ನಮ್ಮಲ್ಲಿಗೆ ಅರ್ಜಿ ಹಾಕುತ್ತವೆ. ಆ ಅಂಗಡಿ ನಿಜಕ್ಕೂ ಇದೆಯೇ, ಹೇಳಿಕೊಂಡ ಹೆಸರು ಅದರದ್ದೇ ಹೌದೇ ಎಂದು ನೋಡಿ ‘ಹೌದು’ ಅಥವಾ ‘ಇಲ್ಲ’ ಎಂದು ಬರೆಯುವವಳು ನಾನು. ಜೂಜಿನ ತಾಣಗಳನ್ನು ನಾವು ಮುಟ್ಟುವುದಿಲ್ಲ. ಈ ದೇಶದಲ್ಲಿ ಇಲ್ಲಿಯ ಪರವಾನಗಿ ಇಲ್ಲದೆ ಅದನ್ನು ನಡೆಸುವಂತಿಲ್ಲ, ಆಡುವಂತೆಯೂ ಇಲ್ಲ.

ಅಬುಧಾಬಿಯಲ್ಲಿ ರಜಾದಿನಗಳಂದು ಮಕ್ಕಳಿಗೆ ಕನ್ನಡ ಕಲಿಸುವ ಟೀಚರ್ ಒಬ್ಬರಿದ್ದಾರೆ, ಬಾಗಲಕೋಟೆ ಕಡೆಯವರು. ಅವರು ಒಂದು ಸಂಜೆ ವಾಟ್ಸಾಪಿನಲ್ಲಿ ಒಂದು ಕೊಂಡಿ ಕಳಿಸಿ, “ಮೇಡಂ, ಇದು ಖರೇ ಅದನೋ ಸುಳ್ಳೋ ನೋಡಿ ಹೇಳ್ರಿ” ಎಂದು ಬರೆದರು. ನಾನು ಅಲ್ ನಹ್ದಾದ ಮನೆಗೆ ಹೊರಟಿದ್ದೆ. ಮೆಟ್ರೋದಲ್ಲಿ ಕಂಬ ಹಿಡಿದು ನಿಂತೇ ಕೊಂಡಿ ತೆರೆದೆ. ಕ್ಯಾಸಿನೊ. ಪುಟದ ಕೆಳತುದಿಯಲ್ಲಿ ಒಂದು ಮುದ್ರೆ. ದೂರದ ಯಾವುದೋ ದ್ವೀಪದ ನಿಯಂತ್ರಣ ಕಚೇರಿಯದ್ದು. ಮುದ್ರೆಯನ್ನು ಒತ್ತಿದೆ. ಕಚೇರಿಯ ಹೆಸರು ಹೊತ್ತ ಪುಟ ತೆರೆಯಿತು, ಹಸಿರು ಗುರುತು, ಕಂಪನಿಯ ಹೆಸರು, ಪರವಾನಗಿ ಸಂಖ್ಯೆ. “ಲೈಸೆನ್ಸ್ ಉಂಟು. ನೋಡಿದೆ” ಎಂದು ಬರೆದು ಕಳಿಸಿದೆ. ಯಾಕೆ ಕೇಳುತ್ತಿದ್ದೀರಿ ಎಂದು ಕೇಳಲಿಲ್ಲ. ಇಲ್ಲಿ ಅದನ್ನು ಆಡುವಂತಿಲ್ಲ ಎಂದೂ ಹೇಳಲಿಲ್ಲ. ನನ್ನ ನಿಲ್ದಾಣ ಬಂದಿತ್ತು.

ಮೂರು ವಾರ ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಟೀಚರ್ ಫೋನ್ ಮಾಡಿದರು.

“ಮೇಡಂ, ನಮ್ಮ ಸಾಲಿಗೆ ಬರೂ ಒಂದು ಹುಡುಗಿ ಅದಾಳ್ರಿ. ಅವರಪ್ಪ ಎಲೆಕ್ಟ್ರಾ ಸ್ಟ್ರೀಟಿನ್ಯಾಗ ಮೊಬೈಲ್ ರಿಪೇರಿ ಮಾಡ್ತಿದ್ರು, ಗದಗಿನವ್ರು. ಅಂಗಡಿ ಬಂದ್ ಆತು, ವೀಸಾ ಕ್ಯಾನ್ಸಲ್ ಆತು. ಈಗ ಆ ಕ್ಯಾಸಿನೊದವ್ರು ಕರದಾರ. ಕನ್ನಡದಾಗ ಗಿರಾಕಿ ಜೋಡಿ ಮಾತಾಡೂ ಕೆಲಸ. ಬ್ಯಾರೆ ದೇಶದಾಗ.”

“ಯಾವ ಕ್ಯಾಸಿನೊ?”

“ಅದೇ ರೀ, ಆವತ್ತ ಕಳಿಸಿದ್ನೆಲ್ಲ. ಎಲ್ಲಾರೂ ಚಲೋ ಐತಿ ಅಂತಾರ. ಆದ್ರ ಅವರ ಹೆಂಡ್ತಿಗೆ ಮನಸ್ಸು ಒಪ್ಪವಲ್ದು. ಶನಿವಾರ ಏಜೆಂಟ್ ಬಂದು ಪಾಸ್‌ಪೋರ್ಟ್ ಇಸಗೊಂಡು ಹೋಗ್ತಾನಂತ, ವೀಸಾ ಹೊಡಸಾಕ. ಅಷ್ಟರಾಗ ನೀವು ಒಂದ್ಸಲ ಸರಿಯಾಗಿ ನೋಡಿ ಹೇಳ್ರಿ.”

ಪಾಸ್‌ಪೋರ್ಟ್ ಎಂಬ ಮಾತು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ವೀಸಾ ರದ್ದಾದವರಿಗೆ ಇಲ್ಲಿ ಕೆಲವು ವಾರಗಳ ಗಡುವು ಇರುತ್ತದೆ. ಅಷ್ಟರೊಳಗೆ ಹೊಸ ಕೆಲಸ ಸಿಗಬೇಕು, ಇಲ್ಲವೇ ದೇಶ ಬಿಡಬೇಕು. ಅವರ ಹೆಂಡತಿ, ಎಂಟು ವರ್ಷದ ಮಗಳು ಇಬ್ಬರೂ ಅವರ ವೀಸಾದ ಮೇಲೆಯೇ ಇದ್ದರು. ಇಂಥ ಕೆಲಸಕ್ಕೆಂದು ಹೋದವರನ್ನು ಕೂಡಿಹಾಕಿಕೊಂಡ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೆ. ಹಾಗೆಂದು ಕರೆದವರೆಲ್ಲ ಅಂಥವರೇ ಎಂದು ಹೇಳುವಂತಿಲ್ಲ. ನೋಡಬೇಕಿತ್ತು.

ನನ್ನ ಮೇಲಧಿಕಾರಿ ಕೇರಳದವರು, ಮಾತು ಕಡಿಮೆ. ನಮ್ಮ ಪರಿಶೀಲನೆಯ ಹಾಳೆಯನ್ನು ರೂಪಿಸಿದವರು ಅವರೇ. ಪ್ರತಿ ಸಾಲಿನಲ್ಲಿ ಮೂರು ಅಂಕಣ: ಏನು ಹೇಳಲಾಗಿದೆ, ಯಾರು ಹೇಳಿದರು, ನೀವು ಏನನ್ನು ಕಂಡಿರಿ. ಊಟದ ಬಿಡುವಿನಲ್ಲಿ ಆ ಹಾಳೆಯನ್ನು ಸ್ವಂತಕ್ಕೆ ಬಳಸಬಹುದೇ ಎಂದು ಕೇಳಿದೆ. ಬಳಸಿ, ಆದರೆ ಕಂಪನಿಯ ಹೆಸರು ಎಲ್ಲೂ ಬರಬಾರದು ಎಂದರು.

ಮೊದಲ ಸಾಲು ಪರವಾನಗಿಯದ್ದು. ಅಲ್ಲಿ ನಾನು ಬರೆದದ್ದು: “ಹಿಂದೆಯೇ ನೋಡಿದ್ದು. ಸರಿ ಇದೆ.” ಬರೆದು ಮುಂದಿನ ಸಾಲಿಗೆ ಹೋದೆ.

ಸೋಮವಾರ, ಮಂಗಳವಾರ ತಾಣವನ್ನೇ ಓದಿದೆ. ಹತ್ತು ವರ್ಷಗಳಿಂದ ನಡೆಸುತ್ತಿದ್ದೇವೆ ಎಂದು ಅವರು ಹೇಳಿಕೊಂಡಿದ್ದರು. ಆದರೆ ಆ ವೆಬ್ ವಿಳಾಸ ನೋಂದಣಿಯಾಗಿ ಒಂದು ವರ್ಷವೂ ಆಗಿರಲಿಲ್ಲ. ಇದೊಂದರಿಂದಲೇ ಮೋಸ ಎನ್ನಲಾಗದು. ಒಳ್ಳೆಯ ಕಂಪನಿಗಳೂ ಹೊಸ ವಿಳಾಸ ಕೊಳ್ಳುತ್ತವೆ. ಷರತ್ತುಗಳ ಉದ್ದನೆಯ ಪುಟವನ್ನು ಕೊನೆಯವರೆಗೆ ಓದಿದೆ. ಒಂದು ಕಡೆ ಬೇರೊಂದು ಕ್ಯಾಸಿನೊದ ಹೆಸರು ಹಾಗೆಯೇ ಉಳಿದಿತ್ತು. ಯಾರದ್ದೋ ಷರತ್ತುಗಳನ್ನು ಎತ್ತಿ ಅಂಟಿಸಿದ್ದಾರೆ. ಇದು ಸೋಮಾರಿತನವೂ ಇರಬಹುದು. ದೂರು ಕೊಡಬೇಕಾದರೆ ಒಂದು ಇಮೇಲ್ ಮಾತ್ರ, ಕಚೇರಿ ಇಲ್ಲ, ಫೋನಿಲ್ಲ. ಸಹಾಯದ ಚಾಟ್ ತೆರೆದು ಕನ್ನಡದಲ್ಲಿ ಬರೆದೆ. ಅರ್ಧ ನಿಮಿಷದಲ್ಲಿ ಸೊಗಸಾದ ಕನ್ನಡದಲ್ಲಿ ಉತ್ತರ ಬಂತು. ಕಂಪನಿಯ ಕಚೇರಿ ಯಾವ ಊರಿನಲ್ಲಿದೆ ಎಂದು ಕೇಳಿದೆ. ಅದಕ್ಕೆ ಹಬ್ಬದ ಕೊಡುಗೆಯ ವಿವರ ಬಂತು. ಮತ್ತೆ ಕೇಳಿದೆ. ಮತ್ತೆ ಅದೇ ಕೊಡುಗೆ.

ಮಂಗಳವಾರ ಸಂಜೆಗೆ ನನ್ನ ಹಾಳೆಯಲ್ಲಿ ಅನುಮಾನಗಳಿದ್ದವು, ತೀರ್ಮಾನವಿರಲಿಲ್ಲ. ಎದುರಿಗೆ ಎರಡು ಭಾರವಾದ ಸಂಗತಿಗಳು ನಿಂತಿದ್ದವು. ಒಂದು, ಪರವಾನಗಿ. ಇನ್ನೊಂದು, ಜನ. ರಿಪೇರಿಯವರ ಹೆಂಡತಿ ಆ ಕಂಪನಿ ಒಳ್ಳೆಯದೆಂದು ಹೇಳಿದವರ ಪಟ್ಟಿಯನ್ನು ಕಳಿಸಿದ್ದರು. ಪರಸ್ಪರ ಅಷ್ಟೇನೂ ಒಡನಾಟವಿಲ್ಲದ ನಾಲ್ವರು ಒಂದೇ ಮಾತು ಹೇಳಿದ್ದಾರೆಂದರೆ ಅದಕ್ಕೆ ಬೆಲೆ ಇದೆ. ಬುಧವಾರ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದೆ.

ಮೊದಲನೆಯವರು ರಿಪೇರಿಯವರ ಕಟ್ಟಡದಲ್ಲೇ ಇರುವ ಮಂಗಳೂರಿನ ನರ್ಸ್.

“ನಂಗೆ ಹೋಟೆಲಿನವ್ರು ಹೇಳಿದ್ದು ಮಾರಾಯ್ರೆ. ಅವ್ರು ಸುಮ್ಮನೆ ಹೇಳುವವ್ರಲ್ಲ. ತೂಕದ ಮನುಷ್ಯ.”

ಹೋಟೆಲಿನವರು ಎಂದರೆ ಪಟ್ಟಿಯ ಎರಡನೆಯವರು, ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರ್, ನಮ್ಮ ಉಡುಪಿಯವರೇ. ದನಿ ತಗ್ಗಿಸಿ ಮಾತಾಡಿದರು.

“ನೋಡಿ, ಹೆದರ್ಲಿಕ್ಕೆ ಎಂತ ಇಲ್ಲ. ಅಲ್ಲಿಗೆ ಖುದ್ದು ಹೋಗಿ ನೋಡ್ಕೊಂಡು ಬಂದವ್ರು ಉಂಟು. ದುಬೈಯವ್ರು. ದೊಡ್ಡ ಆಫೀಸರ್ ಅಂತೆ.”

“ಹೆಸರೆಂತ?”

“ಹೆಸರು ಕೇಳ್ಲಿಲ್ಲ. ಹೆಂಗ್ಸೋ ಗಂಡ್ಸೋ ಅದೂ ಗೊತ್ತಿಲ್ಲ. ಆದ್ರೆ ಹೋಗಿ ಬಂದದ್ದು ಹೌದು.”

ನನಗೆ ಬಹಳ ಸಮಾಧಾನವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ಕಚೇರಿಯ ಬಾಗಿಲನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಇದ್ದಾರೆ. ಅವರು ಸಿಕ್ಕರೆ ಹತ್ತು ಪ್ರಶ್ನೆ ಕೇಳಿ ವಿಷಯ ಮುಗಿಸಬಹುದು. ‘ದುಬೈಯ ಅಧಿಕಾರಿ’ ಎಂದು ಹಾಳೆಯಲ್ಲಿ ಬರೆದು ಅದರ ಕೆಳಗೆ ಗೆರೆ ಎಳೆದೆ. ಬುಧವಾರ ಇಡೀ ಸಂಜೆ ನನಗೆ ಗೊತ್ತಿದ್ದ ಕನ್ನಡದ ಬ್ಯಾಂಕಿನವರು, ಆಡಿಟರುಗಳು, ವಕೀಲರ ಕಚೇರಿಯವರು, ಎಲ್ಲರನ್ನೂ ಕೇಳಿದೆ. ಯಾರೂ ಅಂಥ ಪ್ರಯಾಣ ಮಾಡಿರಲಿಲ್ಲ. “ಕ್ಯಾಸಿನೊ ನೋಡ್ಲಿಕ್ಕೆ ಕಂಪನಿ ಖರ್ಚಲ್ಲಿ ಕಳಿಸ್ತಾರಾದ್ರೆ ನನ್ನ ಹೆಸರೂ ಬರ್ಕೊಳ್ಳಿ” ಎಂದರು ಒಬ್ಬ ಆಡಿಟರ್.

ಹೋಟೆಲಿನವರಿಗೆ ಹೇಳಿದ್ದು ಪಟ್ಟಿಯ ಮೂರನೆಯವರು, ಹುಬ್ಬಳ್ಳಿಯ ಅಕೌಂಟೆಂಟ್. ಅವರು ಗುರುವಾರ ಬೆಳಿಗ್ಗೆ ಸಿಕ್ಕರು.

“ಹೋಗಿ ಬಂದಾರ ಅಂತ ನಾ ಎಲ್ಲಿ ಹೇಳೀನ್ರಿ? ದುಬೈದಾಗ ಇಂಥಾ ಸೈಟ್ ತಪಾಸ ಮಾಡೂ ಕೆಲಸದವ್ರು ನೋಡ್ಯಾರ ಅಂದೆ. ಹೋಗೂದು ಬರೂದು ಎಲ್ಲಾ ಹೋಟೆಲಿನವ್ರು ಹಾಕಿದ ಒಗ್ಗರಣಿ.”

“ನಿಮಗೆ ಯಾರು ಹೇಳಿದ್ದು?”

“ಕನ್ನಡ ಸಾಲಿ ಟೀಚರ್. ಮಗಳನ್ನ ಬಿಡಾಕ ಹೋದಾಗ.”

ಆಗಲೂ ನನಗೆ ಹೊಳೆಯಲಿಲ್ಲ. ಪಟ್ಟಿಯ ನಾಲ್ಕನೆಯವರು ಶಾರ್ಜಾದಲ್ಲಿರುವ ರಿಪೇರಿಯವರ ಸೋದರಮಾವನ ಮಗ. ತನಗೆ ಯಾರೋ ಪುರಾವೆಯನ್ನೇ ಕಳಿಸಿದ್ದಾರೆ, ಹುಡುಕಿ ಕಳಿಸುತ್ತೇನೆ ಎಂದಿದ್ದರು. ಮಧ್ಯಾಹ್ನ ಚಿತ್ರ ಬಂತು. ಒಂದು ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್. ಮೇಲಿನ ಹೆಸರನ್ನು ಕತ್ತರಿಸಲಾಗಿತ್ತು. ಉಳಿದದ್ದು ಒಂದೇ ಸಾಲು: “ಲೈಸೆನ್ಸ್ ಉಂಟು. ನೋಡಿದೆ.”

ನಾನು ಅದನ್ನು ಓದಲಿಲ್ಲ. ಕನ್ನಡಿಯಲ್ಲಿ ಮುಖ ಕಂಡ ಹಾಗೆ ಗುರುತು ಹಿಡಿದೆ. ಎದುರಿಗಿದ್ದ ಊಟದ ಡಬ್ಬಿಯನ್ನು ಮುಚ್ಚಿಟ್ಟು ಟೀಚರ್‌ಗೆ ಫೋನ್ ಮಾಡಿದೆ.

“ಹೌದ್ರಿ, ನಾನ ಕಳಿಸಿದ್ದು. ಕೇಳಿದವ್ರಿಗೆಲ್ಲಾ ಕಳಿಸೀನಿ.”

“ನನ್ನ ಹೆಸರು ಕತ್ತರಿಸಿದ್ದು ಯಾಕೆ ಟೀಚರ್?”

“ಅಯ್ಯ, ಹೆಣ್ಮಕ್ಕಳ ಹೆಸರು ಜೂಜಿನ ಮಾತಿನ್ಯಾಗ ಯಾಕ ಎಳೀಬೇಕು? ನಾಳೆ ಯಾರರೆ ಏನರೆ ಅಂದ್ರ? ಮರ್ಯಾದಿ ಅಂತ ಕತ್ತರಿಸಿದ್ನಿ.”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಮ್ಮ ಜನ ಹೀಗೇ ಮಾಡುತ್ತೇವೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಹೆಸರಿದ್ದಿದ್ದರೆ ನಾಲ್ವರಲ್ಲಿ ಒಬ್ಬರಾದರೂ ನನಗೆ ಫೋನ್ ಮಾಡಿ, “ಏನು ನೋಡಿದಿರಿ?” ಎಂದು ಕೇಳುತ್ತಿದ್ದರು. ಹೆಸರಿಲ್ಲದ್ದರಿಂದ ಮಾತು ಮಾತ್ರ ನಡೆಯಿತು, ನಡೆಯುತ್ತ ಬೆಳೆಯಿತು, ಎರಡು ದಿನ ನಾನು ಹುಡುಕಿದ ಆ ಅಧಿಕಾರಿಯಾಯಿತು.

ಹಾಳೆಯ ಮೊದಲ ಸಾಲಿಗೆ ಹಿಂತಿರುಗಿದೆ. ಯಾರು ಹೇಳಿದರು ಎಂಬ ಅಂಕಣದಲ್ಲಿದ್ದದ್ದೂ ನಾನೇ. ಈ ಸಲ ಮುದ್ರೆಯನ್ನು ಒತ್ತಲಿಲ್ಲ. ದ್ವೀಪದ ನಿಯಂತ್ರಣ ಕಚೇರಿಯ ವಿಳಾಸವನ್ನು ಬೇರೆ ಕಡೆಯಿಂದ ಖಚಿತಪಡಿಸಿಕೊಂಡು ಒಂದೊಂದೇ ಅಕ್ಷರವಾಗಿ ನಾನೇ ಟೈಪ್ ಮಾಡಿದೆ. ಅವರ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹುಡುಕಿದೆ. ಸಂಖ್ಯೆ ಇತ್ತು. ಆದರೆ ಅದು ಬೇರೊಂದು ಕಂಪನಿಯದ್ದು, ಅವಧಿಯೂ ಮುಗಿದಿತ್ತು. ಆ ಕಂಪನಿ ಬಳಸಬಹುದಾದ ವಿಳಾಸಗಳಲ್ಲಿ ಈ ಕ್ಯಾಸಿನೊ ಇರಲಿಲ್ಲ. ಈ ದೇಶದ ಪರವಾನಗಿದಾರರ ಪಟ್ಟಿಯಲ್ಲಂತೂ ಇರಲೇ ಇಲ್ಲ.

ಹಾಗಾದರೆ ನಾನು ಮೆಟ್ರೋದಲ್ಲಿ ಕಂಡದ್ದೇನು? ಮುದ್ರೆಯನ್ನು ಕಂಪ್ಯೂಟರಿನಲ್ಲಿ ಒತ್ತಿ ವಿಳಾಸವನ್ನು ಪೂರ್ತಿಯಾಗಿ ನೋಡಿದೆ. ಮುಂಭಾಗದಲ್ಲಿ ಕಚೇರಿಯ ಹೆಸರಿತ್ತು. ಆದರೆ ವೆಬ್ ವಿಳಾಸದ ಒಡೆಯ ಯಾರೆಂದು ತಿಳಿಯುವುದು ಹೆಸರು ಮುಗಿದು ಮೊದಲ ಓರೆಗೆರೆ (/) ಬರುವುದಕ್ಕೆ ಮುಂಚಿನ ತುದಿಯಿಂದ. ಅಲ್ಲಿದ್ದದ್ದು ಬೇರೆ ಹೆಸರು. ಕ್ಯಾಸಿನೊ ಮತ್ತು ಆ ‘ಕಚೇರಿ’ ಎರಡೂ ಒಂದೇ ವಾರದಲ್ಲಿ ನೋಂದಣಿಯಾಗಿದ್ದವು. ವಾಟ್ಸಾಪಿನೊಳಗೇ ತೆರೆದ ಸಣ್ಣ ಕಿಟಕಿಯಲ್ಲಿ ಆ ತುದಿ ನನಗೆ ಕಂಡಿರಲಿಲ್ಲ. ನಾನು ಹುಡುಕಿಯೂ ಇರಲಿಲ್ಲ.

ಹಾಳೆಯ ಮೊದಲ ಸಾಲನ್ನು ಹೊಡೆದುಹಾಕಿ, ಕಂಡದ್ದನ್ನು ಬರೆದೆ. ಮೇಲಧಿಕಾರಿ ಬಂದು ಹಾಳೆಯನ್ನು ಓದಿದರು. ಬಯ್ಯಲಿಲ್ಲ. ಈಗ ಏನು ಮಾಡುತ್ತೀರಿ ಎಂದು ಕೇಳಿದರು. ರಿಪೇರಿಯವರಿಗೆ ಫೋನ್ ಮಾಡಿ ಹೋಗಬೇಡಿ ಎನ್ನುತ್ತೇನೆ ಎಂದೆ. ಅವರು ಹಾಳೆಯನ್ನು ನನ್ನ ಕಡೆಗೇ ಸರಿಸಿ, ಆ ಮಾತನ್ನು ಹೇಳುತ್ತಿರುವ ನಾಲ್ವರು ಅದನ್ನು ನಂಬಿಕೊಂಡೇ ಉಳಿಯುತ್ತಾರಲ್ಲ ಎಂದರು. ಅಷ್ಟೇ.

ಗುರುವಾರ ಸಂಜೆಯಿಂದ ಶುಕ್ರವಾರ ಬೆಳಗಿನವರೆಗೆ ಯೋಚಿಸಿದೆ. ನನ್ನ ಕೆಲಸವೇ ಇಂಥದ್ದಾದ್ದರಿಂದ ನಾಚಿಕೆ ಹೆಚ್ಚು. ಶುಕ್ರವಾರ ಆಫೀಸಿಗೆ ಹೊರಡುವ ಮುಂಚೆ, ಟೀಚರ್‌ಗೆ ಹೇಳಿ ಕನ್ನಡ ಪಾಠದ ಪೋಷಕರ ವಾಟ್ಸಾಪ್ ಗುಂಪಿಗೆ ಸೇರಿ ಅಲ್ಲಿ ಬರೆದೆ. ಆ ಸಂದೇಶ ನನ್ನದು ಎಂದು ನನ್ನ ಹೆಸರಿನೊಂದಿಗೆ ಬರೆದೆ. ಎರಡು ನಿಮಿಷ ನೋಡಿ ಬರೆದದ್ದು, ನೋಡಿದ ಪುಟ ನಕಲಿ, ನಾನು ಎಲ್ಲಿಗೂ ಹೋಗಿ ಬಂದಿಲ್ಲ, ಅಧಿಕಾರಿಯೂ ಅಲ್ಲ. ಯಾರಿಗೆ ಆ ಚಿತ್ರ ಕಳಿಸಿದ್ದೀರೋ ಅವರಿಗೆ ಇದನ್ನೂ ಕಳಿಸಿ.

ಒಬ್ಬರು ಬರೆದರು: “ಆಗ ಉಂಟು ಅಂದ್ರಿ, ಈಗ ಇಲ್ಲ ಅಂತೀರಿ. ಮುಂದಿನ ವಾರ ಏನ್ರೀ ಮೇಡಂ?” ಅದರ ಕೆಳಗೆ ನಗುವ ಮುಖಗಳು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ನರ್ಸ್ ಮಾತ್ರ, “ನಾನು ಈಗ್ಲೇ ಕೆಳಗಿನ ಮಹಡಿಗೆ ಹೋಗಿ ಹೇಳಿ ಬರ್ತೇನೆ” ಎಂದು ಬರೆದರು.

ರಿಪೇರಿಯವರು ಒಪ್ಪಲಿಲ್ಲ. ಫೋನಿನಲ್ಲಿ ಅವರ ದನಿ ಗಡುಸಾಗಿತ್ತು.

“ಅಕ್ಕಾರ, ನಿಮಗ ಪಗಾರ ಐತಿ, ವೀಸಾ ಐತಿ. ಬ್ಯಾಡ ಅನ್ನೂದು ನಿಮಗ ಸಸ್ತಾ ಬೀಳ್ತೈತಿ. ನನಗ ಇರೂದು ಹದಿನೇಳು ದಿನ.”

“ನಾಳೆ ನಾನೇ ಬರ್ತೇನೆ ತಮ್ಮಾ. ನಾನು ಬರುವವರೆಗೆ ಪಾಸ್‌ಪೋರ್ಟ್ ಕೊಡಬೇಡಿ. ಅಷ್ಟು ಮಾಡಿ.”

“ಅವ ನಾಕಕ್ಕ ಬರ್ತಾನ.”

“ನಾನು ಹನ್ನೊಂದಕ್ಕೆ ಬರ್ತೇನೆ.”

ಶನಿವಾರ ಬೆಳಿಗ್ಗೆ ಅಬುಧಾಬಿಯ ಬಸ್ಸು ಹಿಡಿದೆ. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅವರದ್ದು ಮೂರು ಕುಟುಂಬಗಳು ಹಂಚಿಕೊಂಡ ಫ್ಲಾಟಿನ ಒಂದು ಕೋಣೆ. ಮಂಚದ ಕೆಳಗಿಂದ ಹೊರಚಾಚಿದ ಸೂಟ್‌ಕೇಸ್, ಕಿಟಕಿಯ ಬಳಿ ಅವರ ರಿಪೇರಿಯ ಸಾಮಾನಿನ ಪೆಟ್ಟಿಗೆ. ಹೆಂಡತಿ ಚಹಾ ತಂದರು, ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತರು. ಮಗಳು ಮಂಚದ ಮೇಲೆ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

ನಾನು ನನ್ನ ಹಾಳೆಯನ್ನು ಚೀಲದಿಂದ ತೆಗೆಯಲಿಲ್ಲ. ನನ್ನ ಮಾತನ್ನು ನಂಬಿಯೇ ಇಷ್ಟಾದ ಮೇಲೆ ಮತ್ತೊಮ್ಮೆ ನಂಬಿ ಎನ್ನಲು ಮುಖವಿರಲಿಲ್ಲ. “ನಿಮ್ಮ ಫೋನಲ್ಲಿ ನೀವೇ ನೋಡಿ, ನಾನು ಮುಟ್ಟುವುದಿಲ್ಲ” ಎಂದೆ. ನಿಯಂತ್ರಣ ಕಚೇರಿಯ ನಿಜವಾದ ವಿಳಾಸವನ್ನು ಹುಡುಕಿ ಟೈಪ್ ಮಾಡಿದವರು ಅವರು. ಸಂಖ್ಯೆ ಹಾಕಿದವರು ಅವರು. ಬೇರೆ ಕಂಪನಿಯ ಹೆಸರು ಬಂದಾಗ ಅಳಿಸಿ, ಎರಡನೇ ಸಲ ಹಾಕಿದರು. ಮೂರನೇ ಸಲವೂ ಹಾಕಿದರು. ಆಮೇಲೆ ಮುದ್ರೆಯ ಪುಟ ತೆರೆದು ವಿಳಾಸದ ತುದಿಯನ್ನು ಬೆರಳಿನಿಂದ ಎಳೆದು ನೋಡಿದರು.

ಎದ್ದು ಹೋಗಿ ಪೆಟ್ಟಿಗೆಯಿಂದ ಎರಡು ಮೊಬೈಲ್ ಬ್ಯಾಟರಿ ತಂದು ನನ್ನ ಎರಡು ಅಂಗೈಗಳಲ್ಲಿ ಒಂದೊಂದು ಇಟ್ಟರು.

“ಯಾವುದು ಡುಪ್ಲಿಕೇಟ್, ಹೇಳ್ರಿ.”

ಎರಡರ ಮೇಲೂ ಒಂದೇ ಹೊಳೆಯುವ ಸ್ಟಿಕ್ಕರ್. ಗೊತ್ತಾಗುವುದಿಲ್ಲ ಎಂದೆ.

“ಎಡಗೈದು. ಹಗರ ಐತಿ. ಸ್ಟಿಕ್ಕರ್ ಯಾರರೆ ಹಚ್ತಾರ್ರೀ. ಹನ್ನೊಂದು ವರ್ಷ ನಾ ಒಂದು ದಿನಾನೂ ಸ್ಟಿಕ್ಕರ್ ನೋಡಿ ಮಾಲ್ ತಗೊಂಡಾಂವಲ್ಲ.” ತಲೆ ಅಲ್ಲಾಡಿಸಿದರು. “ಇದರಾಗ ಸ್ಟಿಕ್ಕರ್ ನೋಡಿ ಕುಂತ್ನಿ.”

“ನಾನೂ ಅದನ್ನೇ ನೋಡಿದ್ದು” ಎಂದೆ.

ಬಾಗಿಲ ಬಳಿಯಿಂದ ಹೆಂಡತಿ, “ಮತ್ತ ನನ್ನ ಮಾತು? ತಿಂಗಳಿಂದ ಬಡಕೊಳ್ಳಾಕತ್ತೇನಿ. ನನಗೂ ಒಂದು ಸ್ಟಿಕ್ಕರ್ ಹಚ್ಚಬೇಕಿತ್ತೇನು?” ಎಂದರು. ಆ ಕೋಣೆಯಲ್ಲಿ ಮೊದಲ ಬಾರಿ ನಗು ಬಂತು.

ಆದರೂ ಅವರು ಪೂರ್ತಿ ಬಿಡಲಿಲ್ಲ. ಹದಿನೇಳು ದಿನ ಹದಿನಾರಾಗಿತ್ತು. ಏಜೆಂಟನನ್ನೇ ಪರೀಕ್ಷೆ ಮಾಡೋಣ ಎಂದರು. ಮೂರು ಪ್ರಶ್ನೆ ಅವರೇ ಯೋಚಿಸಿ ಚೀಟಿಯಲ್ಲಿ ಬರೆದುಕೊಂಡರು. ಹೊರಡುವ ಮೊದಲೇ ಕೆಲಸದ ವೀಸಾ ಕೈಗೆ ಬರುತ್ತದೆಯೇ? ಪಾಸ್‌ಪೋರ್ಟ್ ಕೊಡದೆ ತಾವೇ ವೀಸಾ ಕಚೇರಿಗೆ ಹೋಗಬಹುದೇ? ಈಗ ಅಲ್ಲಿ ಕೆಲಸ ಮಾಡುತ್ತಿರುವ ಕನ್ನಡದವರು ಒಬ್ಬರು ವಿಡಿಯೊ ಕರೆಯಲ್ಲಿ ಬಂದು, ಕಚೇರಿಯಿಂದ ಬೀದಿಗಿಳಿದು ನಡೆದು ತೋರಿಸುತ್ತಾರೆಯೇ?

ನಾಲ್ಕಕ್ಕೆ ಕಾಯದೆ ಎರಡು ಗಂಟೆಗೇ ಫೋನ್ ಮಾಡಿ ಸ್ಪೀಕರ್ ಹಾಕಿದರು. ಏಜೆಂಟ್ ಸವಿಯಾದ ಕನ್ನಡದಲ್ಲಿ ಮಾತಾಡಿದ. ಮೊದಲು ಪ್ರವಾಸಿ ವೀಸಾದಲ್ಲಿ ಹೋಗುವುದು, ಅಲ್ಲಿ ಬದಲಾಯಿಸುವುದು ಎಂದ. ಪಾಸ್‌ಪೋರ್ಟ್ ತನ್ನ ಕೈಗೇ ಬರಬೇಕು ಎಂದ. ಮೂರನೆಯ ಪ್ರಶ್ನೆಗೆ ದನಿ ಬದಲಾಯಿತು.

“ಡ್ಯೂಟಿ ಟೈಮಲ್ಲಿ ಹೊರಗೆ ಬಿಡಲ್ಲ ಸರ್.”

“ಡ್ಯೂಟಿ ಮುಗದ ಮ್ಯಾಲ ಆಗ್ಲಿ. ನಾಳೆ ಆಗ್ಲಿ. ಬೀದಿ ನೋಡಬೇಕು ಅಷ್ಟ.”

“ನಿಮಗೆ ಇಷ್ಟೊಂದು ಡೌಟ್ ಇದ್ರೆ ಸೀಟ್ ಬೇರೆಯವರಿಗೆ ಕೊಡ್ತೀನಿ. ಹತ್ತು ಜನ ಕಾಯ್ತಿದಾರೆ.”

ರಿಪೇರಿಯವರು ಹೆಂಡತಿಯ ಮುಖ ನೋಡಿದರು. ಆಮೇಲೆ ಫೋನಿನ ಕಡೆ ಬಾಗಿ, “ಕೊಡ್ರಿ. ಖಲಾಸ್” ಎಂದು ಕರೆ ಕತ್ತರಿಸಿದರು.

ಮಗಳು ಬಣ್ಣದ ಪೆನ್ಸಿಲ್ ಕೆಳಗಿಟ್ಟು, “ಪಪ್ಪಾ, ಸೋ ಯು ಆರ್ ನಾಟ್ ಗೋಯಿಂಗ್?” ಎಂದಳು.

“ಇಲ್ಲವ್ವಾ.”

“ಓಕೆ” ಎಂದು ಮತ್ತೆ ಪೆನ್ಸಿಲ್ ಎತ್ತಿಕೊಂಡಳು.

ಆ ದೇಶದಲ್ಲಿ ಅವರಿಗಾಗಿ ಏನು ಕಾದಿತ್ತೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ನಾನು ಹೇಳಬಲ್ಲದ್ದು ಇಷ್ಟೇ: ಮುದ್ರೆ ನಕಲಿ, ಸಂಖ್ಯೆ ಬೇರೆಯವರದ್ದು, ಬೀದಿಯನ್ನು ತೋರಿಸಲಿಲ್ಲ. ಈ ಮೂರನ್ನು, ನೋಡಿದ ದಿನಾಂಕದೊಂದಿಗೆ, ಪೊಲೀಸರ ಸೈಬರ್ ದೂರಿನ ಪುಟದಲ್ಲಿ ದಾಖಲಿಸಿದೆವು. ಬರೆದದ್ದು ನಾನು, ಹೆಸರು ಹಾಕಿದ್ದು ಇಬ್ಬರೂ.

ಉಳಿದ ದಿನಗಳಲ್ಲಿ ಅವರಿಗೆ ಕೆಲಸ ಹುಡುಕಿದವರು ಪಟ್ಟಿಯ ಆ ಜನರೇ. ಹೋಟೆಲಿನವರು ಎರಡು ಕಡೆ ವಿಚಾರಿಸಿದರು. “ಇದು ನಾನು ಕಿವಿಯಲ್ಲಿ ಕೇಳಿದ್ದು ಮಾತ್ರ, ಆಯ್ತಾ?” ಎಂದು ಪ್ರತಿ ಸಲ ಮುಂಚಿತವಾಗಿ ಹೇಳುತ್ತಿದ್ದರು. ನರ್ಸ್ ತಮ್ಮ ಆಸ್ಪತ್ರೆಗೆ ಉಪಕರಣ ರಿಪೇರಿ ಮಾಡಿಕೊಡುವ, ಊರಾಚೆಯ ಮುಸಫ್ಫಾ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನ ವಿಳಾಸ ತಂದರು. ಅಲ್ಲಿ ರಿಪೇರಿಯವರಿಗೆ ರಕ್ತದೊತ್ತಡ ನೋಡುವ ಯಂತ್ರದ ಸುಟ್ಟ ಬೋರ್ಡ್ ಕೊಟ್ಟು ಸರಿಮಾಡಲು ಹೇಳಿದರಂತೆ. ಮಾಡಿದರು. ವರ್ಕ್‌ಶಾಪಿನವರು ಕೆಲಸದ ಪತ್ರ ಕೊಡಲು ಒಪ್ಪಿದರು. ಗಡುವಿಗೆ ಐದು ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ರಿಪೇರಿಯವರ ಹೆಂಡತಿ ನನಗೆ ಫೋನ್ ಮಾಡಿದರು. ವರ್ಕ್‌ಶಾಪಿನ ಪರವಾನಗಿಯನ್ನು ನಾನು ಅಷ್ಟು ಹೊತ್ತಿಗೆ ಎರಡು ಸಲ ನೋಡಿದ್ದೆ, ಎರಡು ಸಲವೂ ವಿಳಾಸ ಕೈಯಾರೆ ಟೈಪ್ ಮಾಡಿ. ಅದನ್ನು ಹೇಳಹೊರಟೆ. ಅವರು ತಡೆದರು.

“ಅದಿರ್ಲಿ ಅಕ್ಕಾರ. ನಾ ಇಲ್ಲೇ ಅದೇನಿ.”

“ಎಲ್ಲಿ?”

“ಮುಸಫ್ಫಾದಾಗ, ಗೇಟಿನ ಎದುರಿಗೆ. ಬಸ್ ಹಿಡದು ಬಂದ್ನಿ, ಅವ್ರಿಗೆ ಹೇಳಿಲ್ಲ. ಊಟದ ಹೊತ್ತಿಗೆ ಆಳು ಹೊರಗ ಬರ್ತಾರೋ ಇಲ್ಲೋ ನೋಡಬೇಕಂತ ನಿಂತೇನಿ.”

“ಬಂದರಾ?”

ಲಾರಿಯೊಂದು ಹಾದುಹೋದ ಸದ್ದು ಕೇಳಿಸಿತು. ಅದು ಮುಗಿಯುವವರೆಗೆ ಅವರು ಕಾದರು.

“ಬಂದ್ರು. ಹನ್ನೆರಡು ಮಂದಿ ಎಣಿಸೀನಿ. ಡಬ್ಬಿ ಹಿಡಕೊಂಡು, ಒಬ್ಬರಿಗೊಬ್ಬರು ಚ್ಯಾಷ್ಟಿ ಮಾಡ್ಕೋತ ನೆರಳಿಗೆ ಕುಂತಾರ. ಗೇಟ್ ತೆರದೇ ಐತಿ. ಯಾರೂ ಕಾಯಾಕತ್ತಿಲ್ಲ.” ಸ್ವಲ್ಪ ತಡೆದು, “ಇನ್ನ ನಾ ಮನಿಗೆ ಹೋಗಿ ಅವ್ರಿಗೆ ಸಹಿ ಹಾಕ್ರಿ ಅಂತೇನಿ” ಎಂದರು.